ಕಿದ್ವಾಯಿ ನಗರದ ಹಸಿರು ದೀಪ

ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಹಂಸಾ ಎಂಬ ಸೊಸೆ, ಶಾರದಮ್ಮ ಎಂಬ ಅತ್ತೆ. ಹಂಸಾಳ ಗಂಡ ಮಹಂತೇಶ್‌ಗೆ ಆ ವರ್ಷ ಶಿಲ್ಲಾಂಗಿಗೆ ಡೆಪ್ಯುಟೇಶನ್. ಹಂಸಾ ಮನೆಯಲ್ಲೇ ಕೂತು ನೊಯಿಡಾದ ಒಂದು ಕಂಪನಿಗೆ ಮಿಕ್ಸಿ, ಫ್ರಿಜ್ಜುಗಳ ಕೈಪಿಡಿಗಳನ್ನು ಕನ್ನಡಕ್ಕೆ ಇಳಿಸುತ್ತಿದ್ದಳು. ಅದು ಕೆಲಸವೋ ಹೊತ್ತು ಕಳೆಯುವ ದಾರಿಯೋ ಎಂಬುದು ಮಾತ್ರ ಅತ್ತೆಗೆ ಎಂದೂ ಬಗೆಹರಿದಿರಲಿಲ್ಲ.

ಹೀಗಿರುವಾಗ ಹುಬ್ಬಳ್ಳಿಯಲ್ಲಿ ಹಂಸಾಳ ತಂಗಿ ಅನನ್ಯಾಳಿಗೆ ಹೆರಿಗೆಯಾಯಿತು. ತಾಯಿಯಿಲ್ಲದ ಹುಡುಗಿ, ಬಾಣಂತನಕ್ಕೆ ಅಕ್ಕನೇ ಹೋಗಬೇಕು. ಹಂಸಾಳಿಗೆ ರಜೆ ಉಳಿದಿರಲಿಲ್ಲ. ಅಲ್ಲಿಂದಲೇ ಕೆಲಸ ಮಾಡಬಹುದು, ಆದರೆ ಒಂದು ದಿನದ ಕೆಲಸ ತಪ್ಪಿದರೂ ವಾಪಸು ಬರಬೇಕು ಎಂದರು ಮ್ಯಾನೇಜರ್. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಇಲ್ಲಿ ಪೂಜಾರಿ ಎಂದರೆ ಕಂಪನಿಯ ಸರ್ವರ್. ಅವಳ ಮನೆಯ ಇಂಟರ್ನೆಟ್ಟಿನಿಂದ ಬಂದರಷ್ಟೇ ಅದು ಬಾಗಿಲು ತೆರೆಯುತ್ತಿತ್ತು.

ಕಂಪನಿಯವರೇ ದಾರಿ ಹೇಳಿಕೊಟ್ಟರು: ವಿಪಿಎನ್. ಎಲ್ಲೇ ಇರಲಿ, ಲ್ಯಾಪ್‌ಟಾಪಿನಿಂದ ಮನೆಯ ರೂಟರಿಗೆ ಕಣ್ಣಿಗೆ ಕಾಣದ ಒಂದು ಸುರಂಗ. ಅದರಲ್ಲಿ ಬಂದು ಮನೆಯ ಹೊಸಿಲಿನಿಂದ ಹೊರಟರೆ ಸರ್ವರಿನ ಪಾಲಿಗೆ ಅವಳು ಮನೆಯಲ್ಲೇ ಇದ್ದ ಹಾಗೆ. ಹಂಸಾ ಇಂಟರ್ನೆಟ್ಟಿನವರಿಗೆ ಹೇಳಿ ಮನೆಯ ಸಂಪರ್ಕಕ್ಕೆ ಬದಲಾಗದ ವಿಳಾಸ ಹಾಕಿಸಿಕೊಂಡಳು. ರೂಟರಿನ ಸೆಟ್ಟಿಂಗಿನಲ್ಲಿ ವಿಪಿಎನ್ ಆನ್ ಮಾಡಿ, ಅದು ಕೊಟ್ಟ ಕೀಲಿಯ ಫೈಲನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡಳು. ಮನೆಯೊಳಗೇ ಕೂತು ಪರೀಕ್ಷಿಸಿದರೆ ಏನು ತಿಳಿದೀತು? ಕಾಲೊನಿಯ ಪಾರ್ಕಿಗೆ ಹೋಗಿ, ಬೇವಿನ ಮರದಡಿ ಫೋನಿನ ಇಂಟರ್ನೆಟ್ ಹಿಡಿದು ನೋಡಿದಳು. ಬಾಗಿಲು ತೆರೆಯಿತು. ಬಿಸಿಲಿಗೆ ಕೂತು ಬಟಾಣಿ ಸುಲಿಯುತ್ತಿದ್ದ ಹೆಂಗಸರು, ಪಾಪ, ಅತ್ತೆಯ ಜೊತೆ ಜಗಳವಿರಬೇಕು ಎಂದುಕೊಂಡರು.

ಅತ್ತೆ ಸೊಸೆ ಇಬ್ಬರೂ ಹೊರಟರು. ಬಾಣಂತಿಗೆ ಖಾರ ಕುಟ್ಟುವುದು, ಕೂಸಿಗೆ ಎರೆಯುವುದು ಬಲ್ಲವರು ಶಾರದಮ್ಮನೇ ತಾನೆ. ನಿಜಾಮುದ್ದೀನಿನಲ್ಲಿ ರೈಲು ಹತ್ತಿ, ಝಾನ್ಸಿ ದಾಟಿದ ಮೇಲೆ ಹಂಸಾ ಲ್ಯಾಪ್‌ಟಾಪ್ ತೆರೆದು ಒಮ್ಮೆ ನೋಡಿದಳು. ಎಲ್ಲ ಸುಸೂತ್ರ. ಹುಬ್ಬಳ್ಳಿ ಮುಟ್ಟಿ, ಕೂಸನ್ನು ಎತ್ತಿ ಮುದ್ದಾಡಿ, ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಎಲ್ಲಾ ಬಣ್ಣ ಮಸಿ ನುಂಗಿತ್ತು. ದೆಹಲಿಯ ಮನೆ ಓಗೊಡಲೇ ಇಲ್ಲ. ಸೆಟ್ಟಿಂಗುಗಳನ್ನು ತಿರುವಿ ಹಾಕಿದಳು, ಇಂಟರ್ನೆಟ್ಟಿನವರಿಗೆ ಫೋನು ಮಾಡಿದಳು. ಅವರ ಕಡೆ ಏನೂ ಕೆಟ್ಟಿರಲಿಲ್ಲ. ಸಂಜೆಯೊಳಗೆ ಕೆಲಸ ಒಪ್ಪಿಸದಿದ್ದರೆ ನಾಳೆಯ ರೈಲು. ಒಳಗೆ ಹಸಿ ಮೈಯ ತಂಗಿ.

ಎಣ್ಣೆಬಟ್ಟಲು ಹಿಡಿದು ಬಂದ ಶಾರದಮ್ಮ, ಮುಖ ಯಾಕೆ ಹಾಗಾಗಿದೆ ಎಂದು ಕೇಳಿದರು.

"ದೆಹಲಿ ಮನೆ ರೂಟರ್ ಸಿಗ್ತಾ ಇಲ್ಲ ಅತ್ತೆ."

"ಹೇಗೆ ಸಿಗುತ್ತೆ? ಮೇನ್ ಸ್ವಿಚ್ಚೇ ಇಳಿಸಿ ಬಂದಿದೀನಿ."

ಹಂಸಾ ಲ್ಯಾಪ್‌ಟಾಪಿನಿಂದ ಕಣ್ಣೆತ್ತಿ ಅತ್ತೆಯನ್ನು ನೋಡಿದಳು.

"ಹಾಗೆ ನೋಡಬೇಡ. ಮನೆಗೆ ಬೀಗ ಹಾಕಿ ಊರಿಗೆ ಹೋಗೋರು ಮೇನ್ ಇಳಿಸದೆ ಹೋಗ್ತಾರೇನೆ? ನೀನಾದ್ರೂ ಒಂದು ಮಾತು ಹೇಳಿದ್ಯಾ?"

ಹೇಳಿರಲಿಲ್ಲ, ನಿಜ. ಪಾರ್ಕಿನ ಬೇವಿನ ಮರಕ್ಕೂ ಗೊತ್ತಿದ್ದ ಸಂಗತಿ ಅತ್ತೆಗೆ ಗೊತ್ತಿರಲಿಲ್ಲ. ರೈಲಿನಲ್ಲಿ ನಡೆದದ್ದು ಇನ್ವರ್ಟರಿನ ಪುಣ್ಯ; ಬ್ಯಾಟರಿ ಬತ್ತುವ ತನಕ ಅದು ರೂಟರನ್ನು ಸಾಕಿತ್ತು.

"ಚಲೋ, ಫೋನ್ ಕೊಡು" ಎಂದರು ಶಾರದಮ್ಮ. ತುಳಸಿಗೆ ನೀರು ಹಾಕಲೆಂದು ಎದುರುಮನೆಯ ಹರಿಯಾಣದ ಬಿಮ್ಲಾಳಿಗೆ ಕೀಲಿಕೈ ಕೊಟ್ಟಿದ್ದರು. ಅವರ ಹಿಂದಿ ಎಷ್ಟು ಬೇಕೋ ಅಷ್ಟು. "ಬಿಮ್ಲಾ ಬೇಟಾ, ಮೇನ್ ಊಪರ್ ಕರೋ. ಊಪರ್."

ಬಿಮ್ಲಾ ಸ್ವಿಚ್ಚು ಮೇಲೆತ್ತಿದಳು. ರೂಟರ್ ಕಣ್ಣುಜ್ಜಿಕೊಂಡು ಏಳಲು ಸ್ವಲ್ಪ ಹೊತ್ತು ಹಿಡಿಯಿತು. ಅದರ ಹಸಿರು ದೀಪ ಹತ್ತಿದ ಮೇಲೆ ಬಾಗಿಲು ತೆರೆಯಿತು. ಹಂಸಾ ಅಂದಿನ ಕೆಲಸವನ್ನು ಅಂದೇ ಒಪ್ಪಿಸಿದಳು.

ಅಂದಿನಿಂದ ಬಿಮ್ಲಾ ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕಿ, ರೂಟರನ್ನೂ ಒಮ್ಮೆ ನೋಡಿ, ಶಾರದಮ್ಮನಿಗೆ ಫೋನು ಮಾಡುವಳು. ತುಳಸಿಯೂ ಠೀಕ್, ಮಾತಾಜಿಯ ಹಸಿರು ದೀಪವೂ ಠೀಕ್. ಬಚ್ಚಲಲ್ಲಿ ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡ ಶಾರದಮ್ಮ ಅಲ್ಲಿಂದಲೇ ಸೊಸೆಗೆ ಕೂಗಿ ಹೇಳುವರು:

"ಹಂಸಾ, ದೀಪ ಉರೀತಿದೆಯಂತೆ. ನೀನು ಕೆಲಸಕ್ಕೆ ಕೂತ್ಕೋ, ಇಲ್ಲಿ ನಾನಿದೀನಿ."