ಕಾಣಲೆಂದು ದೊಡ್ಡದು ಮಾಡಿದ ವಿಮಾನ

ಇವರ ಕಣ್ಣಿನ ತೊಂದರೆ ನಮಗೆ ಮೊದಲು ಗೊತ್ತಾದದ್ದು ಗದ್ದೆ ಬಯಲಿನಲ್ಲಿ, ಆಕಾಶ ನೋಡುತ್ತಾ ನಿಂತಿದ್ದಾಗ.

ಇವರು ಅಂದರೆ ನನ್ನ ಯಜಮಾನರು. ತಾತನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕ ನೆಲೆ ನಿಂತ ಮನೆತನ. ಇವರು ಚಿಕ್ಕ ವಯಸ್ಸಿಗೇ ವಾಯುಪಡೆ ಸೇರಿ, ವಿಮಾನದ ರೆಕ್ಕೆ, ಬಾಲ, ಮೈ ನೋಡಿಕೊಳ್ಳುವ ಕೆಲಸದಲ್ಲಿ ಹರೆಯವೆಲ್ಲ ಕಳೆದರು. ಒಂದು ದಿನವೂ ಹಾರಿಸಿದವರಲ್ಲ. ತಾವು ಸರಿ ಮಾಡಿ ಕಳಿಸಿದ್ದು ಮೇಲೆ ಹೋಗಿ ಕೆಳಗೆ ಬರುವವರೆಗೆ ನೆಲದ ಮೇಲೆ ನಿಂತು ಕಾದವರು. ಊರಿಗೆ ಬಂದು ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾದ ಮೇಲೆ ಸುಂಟಿಕೊಪ್ಪದ ಹತ್ತಿರದ ಒಬ್ಬ ಪ್ಲಾಂಟರ್ ಗುರುತಾದರು. ಕೊಡವರು, ರಿಮೋಟಿನಿಂದ ಸಣ್ಣ ವಿಮಾನ ಹಾರಿಸುವ ಹುಚ್ಚಿದ್ದವರು. ಆ ಹುಚ್ಚು ಇವರಿಗೂ ಹತ್ತಿತು. ಗದ್ದೆ ಕೊಯ್ಲು ಮುಗಿದ ಮೇಲೆ ಭಾನುವಾರ ಬೆಳಿಗ್ಗೆ ಇಬ್ಬರೂ ಬಯಲಿಗೆ ಹೋಗುವರು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ರಜೆಯ ದಿನ ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದು ನಾನೂ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಜೊತೆಗೆ ಹೋಗುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ಇವರ ಥರ್ಮಕೋಲಿನ ವಿಮಾನ ಚೆನ್ನಾಗಿಯೇ ಹಾರುತ್ತಿತ್ತು. ಇದ್ದಕ್ಕಿದ್ದಂತೆ ಇವರು, "ಎಲ್ಲೋಯ್ತು?" ಅಂದರು.

ನಮ್ಮ ಎದುರಿಗೇ ಇತ್ತು. ಸ್ವಲ್ಪ ಎಡಕ್ಕೆ, ತೆಂಗಿನ ಮರದಷ್ಟು ಎತ್ತರದಲ್ಲಿ.

"ಎಡಕ್ಕೆ, ಎಡಕ್ಕೆ ನೋಡಿ ಮಾರಾಯ್ರೆ!" ಎಂದು ಪ್ಲಾಂಟರ್ ಕೂಗಿದರು. ಇವರು ಎಡಕ್ಕೆ ತಿರುಗಿದರು. ತಿರುಗಿ, ವಿಮಾನವನ್ನು ದಾಟಿ, ಆಚೆ ಎಲ್ಲೋ ಹುಡುಕತೊಡಗಿದರು. ಅದು ಬದುವಿಗೆ ಬಡಿದು ಎರಡು ತುಂಡಾಯಿತು. ಬಡಿದ ಸದ್ದು ಕೇಳಿದ ಮೇಲೆಯೇ ಇವರು ಆ ಕಡೆಗೆ ತಿರುಗಿದರು. ಕೆಲವು ತಿಂಗಳಿಂದ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು, ಪಕ್ಕದಲ್ಲಿಟ್ಟ ಲೋಟ ಉರುಳಿಸುವುದು ನಡೆದೇ ಇತ್ತು. ವಯಸ್ಸಾಯಿತು ಅಂತ ಇಬ್ಬರೂ ನಕ್ಕು ಸುಮ್ಮನಾಗಿದ್ದೆವು.

ಮೈಸೂರಿನ ಕಣ್ಣಾಸ್ಪತ್ರೆಯಲ್ಲಿ ಒಂದು ಬಟ್ಟಲಿನಂಥ ಯಂತ್ರದ ಮುಂದೆ ಕೂರಿಸಿದರು. ಒಳಗೆ ಅಲ್ಲಲ್ಲಿ ಬೆಳಕಿನ ಚುಕ್ಕಿ ಮಿನುಗುತ್ತದೆ, ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಹಿಂದೆ ಸ್ಟೂಲಿನ ಮೇಲೆ ಕೂತಿದ್ದೆ. ಗುಂಡಿ ಒತ್ತಿದರೆ ಟಿಕ್ ಅನ್ನುವ ಸಣ್ಣ ಸದ್ದು. ನನಗೆ ಆ ಸದ್ದು ಕೇಳಬೇಕಿತ್ತು. ಬಹಳ ಹೊತ್ತು ಕೇಳುತ್ತಲೇ ಇರಲಿಲ್ಲ.

ಡಾಕ್ಟರು ಒಳ್ಳೆಯ ಹೆಂಗಸು, ಏನನ್ನೂ ಮುಚ್ಚಿಡಲಿಲ್ಲ. ಗ್ಲಾಕೋಮಾ, ಕಣ್ಣೊಳಗಿನ ಒತ್ತಡ ನರವನ್ನು ತಿಂದುಹಾಕಿದೆ, ಅಂಚಿನಿಂದ ಶುರುವಾಗಿ ನಡುವಿಗೆ ಬರುತ್ತಿದೆ ಎಂದರು. "ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸಿಕೊಳ್ಳೋಕೆ ನೋಡೋಣ."

ಬಸ್ಸಿನಲ್ಲಿ ಇವರು ಕಿಟಕಿ ಪಕ್ಕ ಕೂತಿದ್ದರು. ಪಿರಿಯಾಪಟ್ಟಣದ ಹತ್ತಿರ ಬಂದಾಗ ನನ್ನ ಕಡೆ ತಿರುಗಿ, "ಅದು ತೀರಾ ಸಣ್ಣದಿತ್ತು ಕಣೆ" ಅಂದರು.

"ಯಾವುದು?"

"ವಿಮಾನ. ಅಷ್ಟು ಸಣ್ಣದು ಯಾರಿಗೆ ಕಾಣುತ್ತೆ? ದೊಡ್ಡದು ಮಾಡ್ಬೇಕು. ಹಳದಿ ಬಣ್ಣದ್ದು. ಎಲ್ಲಿದ್ರೂ ಕಾಣೋ ಹಂಗೆ."

ಹೂಂ ಅಂದೆ.

ಮೊದಲು ಬಂದದ್ದು ನಕ್ಷೆ. ಇವರು ವಾಯುಪಡೆಗೆ ಸೇರಿದ ಹೊಸದರಲ್ಲಿ ನೋಡಿಕೊಂಡಿದ್ದ ಇಬ್ಬರು ಕೂರುವ ತರಬೇತಿ ವಿಮಾನವೊಂದರ ಕಾಲುಭಾಗದ ಅಳತೆ. ಕಾಲುಭಾಗ ಅಂದರೆ ಎಷ್ಟು ಮಹಾ ಅಂದುಕೊಂಡಿದ್ದೆ. ನಕ್ಷೆ ಬಿಡಿಸಿದಾಗ ಹಜಾರ ಸಾಲಲಿಲ್ಲ. ರೆಕ್ಕೆ ತುದಿಯಿಂದ ತುದಿಗೆ ನಮ್ಮ ಮಂಚಕ್ಕಿಂತ ಉದ್ದ. ಊಟದ ಮೇಜನ್ನು ಅಡುಗೆಮನೆಗೆ ಸಾಗಿಸಿ, ಹಳೆಯ ಎರಡು ಬಾಗಿಲುಗಳನ್ನು ಸ್ಟ್ಯಾಂಡಿನ ಮೇಲೆ ಮಲಗಿಸಿ ಕೆಲಸದ ಜಾಗ ಮಾಡಿಕೊಂಡರು. ಬಾಲ್ಸಾ ಎಂಬ ಹಗುರ ಮರದ ಹಲಗೆಗಳು ಪೆಟ್ಟಿಗೆಯಲ್ಲಿ ಬಂದವು. ಒಂದನ್ನು ನನ್ನ ಕೈಗೆ ಕೊಟ್ಟು, "ಹಿಡಿದಂಗೇ ಇಲ್ಲ ಅಲ್ವಾ?" ಎಂದು ಹಿಗ್ಗಿದರು. ನಿಜವಾಗಿಯೂ ಹಪ್ಪಳ ಹಿಡಿದ ಹಾಗಿತ್ತು.

ರೆಕ್ಕೆಯೊಳಗೆ ಪಕ್ಕೆಲುಬುಗಳ ಹಾಗೆ ಸಾಲಾಗಿ ನಿಲ್ಲುವ ತುಂಡುಗಳನ್ನು ಮೊದಲು ಕತ್ತರಿಸಿದರು. ಎಲ್ಲವನ್ನೂ ಒಟ್ಟಿಗೆ ಜೋಡಿಸಿ ಬೆರಳಾಡಿಸಿದರೆ ಒಂದೇ ಮರದ ದಿಮ್ಮಿಯಂತೆ ನುಣುಪಾಗಿರಬೇಕು. ಆಗಿನ್ನೂ ಇವರಿಗೆ ನೇರ ನೋಡಿದ್ದು ಕಾಣುತ್ತಿತ್ತು. ಕೆಲಸದಿಂದ ಬಂದು ಕೈಕಾಲು ತೊಳೆದು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಆ ಮೊದಲ ಮಳೆಗಾಲ ನಮ್ಮ ಮನೆಯಲ್ಲಿ ಅಂಟಿನ ವಾಸನೆ, ಮರದ ಪುಡಿ, ಹಳೆಯ ರೇಡಿಯೋ. ಮನೆ ತುಂಬಾ ಸಡಗರವೇ ಇತ್ತು ಅನ್ನಬೇಕು. ಮಗಳು ಶನಿವಾರಸಂತೆಯಿಂದ ಫೋನು ಮಾಡಿ, "ಅಮ್ಮ, ಅಪ್ಪಂಗೆ ಬ್ಲೇಡೆಲ್ಲ ಯಾಕೆ ಕೊಡ್ತೀಯ?" ಎಂದು ರೇಗುತ್ತಿದ್ದಳು. ಕಸಿದುಕೊಂಡರೆ ಏನು ಉಳಿಯುತ್ತದೆ ಎಂದು ಅವಳಿಗೆ ಹೇಗೆ ಹೇಳಲಿ.

ಎರಡನೆಯ ವರ್ಷ ಎಲ್ಲ ನಿಧಾನವಾಯಿತು. ಗೆರೆ ಎಳೆದರೆ ಗೆರೆ ಎಲ್ಲಿ ಮುಗಿಯಿತೆಂದು ಗೊತ್ತಾಗುತ್ತಿರಲಿಲ್ಲ. ಸ್ಕೇಲಿನ ಅಂಕಿಗಳನ್ನು ನಾನು ಓದತೊಡಗಿದೆ. ಶಾಲೆಯಿಂದ ಬಂದು, ಸೀರೆಯನ್ನೂ ಬದಲಿಸದೆ, ಇವರ ಪಕ್ಕ ಕೂತು "ಇನ್ನು ಸ್ವಲ್ಪ ಒಳಗೆ, ಹಾಂ, ಅಲ್ಲೇ" ಅನ್ನುತ್ತಿದ್ದೆ. ಕೆಲಸದ ನಡುವೆ ಹೊತ್ತಿಗೆ ಸರಿಯಾಗಿ ಕಣ್ಣಿಗೆ ಹನಿ ಬಿಡುವುದೂ ನನ್ನದೇ. ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ ಕೂರಬೇಕು. ಆಗಲೂ ಕೈ ಸುಮ್ಮನಿರುತ್ತಿರಲಿಲ್ಲ, ಪಕ್ಕದಲ್ಲಿದ್ದ ರೆಕ್ಕೆಯ ಮೇಲೆ ಮೆಲ್ಲಗೆ ಹೋಗಿ ಬರುತ್ತಿತ್ತು.

ಒಂದು ಸಂಜೆ ಬಾಲದ ಭಾಗವನ್ನು ಉಪ್ಪುಕಾಗದದಿಂದ ಉಜ್ಜುತ್ತಿದ್ದವರು ಉಜ್ಜುತ್ತಲೇ ಹೋದರು. ತೆಳ್ಳಗಿನ ಹಲಗೆ ತೂತಾಗಿ ಬೆರಳು ಆಚೆ ಬಂತು. ನಾನು ಬೇಗ ಇನ್ನೊಂದು ಟ್ಯೂಬ್‌ಲೈಟ್ ಹಾಕಿದೆ.

"ಆರಿಸು ಅದನ್ನ" ಅಂದರು. ಜೋರಾಗಿ ಅಲ್ಲ.

"ಬೆಳಕು ಸಾಲ್ತಿಲ್ಲ ಅಂತ..."

"ಬೆಳಕು ಬೇಕಾದಷ್ಟಿದೆ ಕಣೆ. ಬೆಳಕಿಂದೇನು ತಪ್ಪಿಲ್ಲ."

ಆರಿಸಿದೆ. ಆಮೇಲೆ ಇವರೇ ತೂತಿನ ಸುತ್ತ ಬೆರಳಿಟ್ಟು ಅಳತೆ ತೆಗೆದುಕೊಂಡು, ಅದಕ್ಕೊಂದು ತೇಪೆ ಕತ್ತರಿಸಿ ಕೂರಿಸಿದರು. ಅವತ್ತಿನಿಂದ ನೋಡುವುದನ್ನು ಬಿಟ್ಟು ಮುಟ್ಟಿ ಮಾಡಲು ಶುರುಮಾಡಿದರು. ವಿಮಾನದ ಮೈ ಮೇಲಿನ ಎಷ್ಟೋ ಜೋಡಣೆಗಳು ಹಾಗೆ ಬೆರಳಿನಿಂದಲೇ ಆದವು.

ಮರದ ಕೆಲಸ ಮುಗಿದ ಮೇಲೆ ಮೇಲುಹೊದಿಕೆ. ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಅಂಟಿಕೊಂಡು ಬಿಗಿಯಾಗುವ ತೆಳು ಹಾಳೆ ಅದು. ಸುರುಳಿ ಬಂದ ದಿನ ಇವರೇ ಬಿಚ್ಚಿದರು. ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ, "ಎಂಥ ಜನ ನೋಡು, ಬಿಳಿ ಕಳಿಸಿದ್ದಾರೆ" ಅಂದರು.

ಅಪ್ಪಟ ಹಳದಿ. ಸೇವಂತಿಗೆಯ ಹಳದಿ. ಅದರ ಬಣ್ಣ ಹಜಾರದ ಗೋಡೆಗೂ ಹತ್ತಿದ ಹಾಗೆ ಕಾಣುತ್ತಿತ್ತು.

"ಹಳದಿನೇ ರೀ" ಅಂದೆ.

ಇವರು ಕಿಟಕಿಯ ಹತ್ತಿರ ಹೋದರು. ಹಾಳೆಯನ್ನು ಮುಖದ ಹತ್ತಿರಕ್ಕೆ ತಂದರು, ದೂರ ಹಿಡಿದರು. "ಹೌದೌದು, ಹಳದಿ" ಎಂದರು. ನನ್ನನ್ನು ಸಮಾಧಾನ ಮಾಡುವ ದನಿ. ಎಲ್ಲಿದ್ದರೂ ಕಾಣಲಿ ಅಂತ ಆರಿಸಿದ ಬಣ್ಣ. ಆ ಹಾಳೆಯನ್ನು ರೆಕ್ಕೆಗೆ ಹೊದಿಸಿ ಇಸ್ತ್ರಿ ಮಾಡಿದವಳು ನಾನು. ಸುಕ್ಕು ಎಲ್ಲಿದೆ ಎಂದು ಇವರು ಅಂಗೈಯಿಂದ ಹೇಳುತ್ತಿದ್ದರು, ನಾನು ಅಲ್ಲಿ ಬಿಸಿ ತಾಗಿಸುತ್ತಿದ್ದೆ. ನನ್ನ ಕಣ್ಣೀರು ಬಿದ್ದ ಕಡೆ ಇಸ್ತ್ರಿ ಚುಂಯ್ ಅಂದರೆ, "ನೀರು ಚಿಮುಕಿಸ್ಬೇಡ, ಇದೇನು ಸೀರೆನಾ?" ಎಂದು ಗದರಿದರು. ಗೊತ್ತಾಗಿಯೂ ಗದರಿದರೋ ಏನೋ.

ಪೆಟ್ರೋಲ್ ಎಂಜಿನ್ ಕೂರಿಸಿ ಅಂಗಳದಲ್ಲಿ ಮೊದಲ ಸಲ ಚಾಲೂ ಮಾಡಿದ ದಿನ ಅಕ್ಕಪಕ್ಕದವರೆಲ್ಲ ಕಾಂಪೌಂಡಿನ ಮೇಲೆ ಬಗ್ಗಿ ನಿಂತರು. ಪ್ಲಾಂಟರ್ ಬಾಲ ಒತ್ತಿ ಹಿಡಿದಿದ್ದರು. ಎಂಜಿನ್ ಗರ್ಜಿಸಿದಾಗ ನನ್ನ ತುಳಸಿ ಗಿಡ ಮಲಗಿ ಎದ್ದಿತು. ಇವರು ಕಣ್ಣು ಮುಚ್ಚಿ ತಲೆ ಓರೆ ಮಾಡಿ ಕೇಳಿ, ಸಣ್ಣ ಸ್ಕ್ರೂ ಒಂದನ್ನು ಒಂದಿಷ್ಟು ತಿರುಗಿಸಿದರು. ಸದ್ದು ಹದಕ್ಕೆ ಬಂತು. ಆ ಕ್ಷಣ ಇವರು ನಕ್ಕ ನಗು ನಮ್ಮ ಮದುವೆಯ ಹೊಸದರಲ್ಲಿ ಕಂಡದ್ದು. ಎಲ್ಲ ಸರಿಹೋಗಬಹುದು ಎಂದು ನನಗೆ ಅವತ್ತು ಅನ್ನಿಸಿತ್ತು.

ಕೊಯ್ಲು ಮುಗಿದು ಗದ್ದೆ ಒಣಗಿ ಗಟ್ಟಿಯಾದ ಮೇಲೆ ಒಂದು ಭಾನುವಾರ, ರೆಕ್ಕೆ ಬಿಚ್ಚಿ ಕಂಬಳಿಯಲ್ಲಿ ಸುತ್ತಿ, ಪ್ಲಾಂಟರರ ಪಿಕಪ್ಪಿನಲ್ಲಿ ಬಯಲಿಗೆ ತಂದೆವು. ಇಬ್ಬನಿ ಆರಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು. ಮೊದಲ ಸುತ್ತು ಪ್ಲಾಂಟರ್ ಹಾರಿಸುವುದು, ಎತ್ತರಕ್ಕೆ ಹೋಗಿ ಸ್ಥಿರವಾದ ಮೇಲೆ ರಿಮೋಟ್ ಇವರ ಕೈಗೆ ಕೊಡುವುದು ಎಂದು ಮಾತಾಗಿತ್ತು.

ವಿಮಾನ ಓಡಿತು, ಬಾಲ ಎತ್ತಿತು, ಯಾವಾಗ ನೆಲ ಬಿಟ್ಟಿತೆಂದು ಗೊತ್ತಾಗದ ಹಾಗೆ ಏರಿತು. "ಅಬ್ಬಾ! ಕೈ ಬಿಟ್ರೂ ನೇರ ಹೋಗ್ತದೆ ಸಾರ್! ಟ್ರಿಮ್ ಮಾಡಿ ತಿದ್ದೋದೇ ಬೇಡ ಇದನ್ನ!" ಎಂದು ಪ್ಲಾಂಟರ್ ಕುಣಿದೇಬಿಟ್ಟರು.

ಇವರು ತಲೆ ಎತ್ತಿ ಹುಡುಕುತ್ತಿದ್ದರು. "ಎಲ್ಲಿ?"

ನಾನು ಹಿಂದೆ ನಿಂತು ಎರಡೂ ಭುಜ ಹಿಡಿದು ತಿರುಗಿಸಿದೆ. "ಇಲ್ಲಿ ನೇರಕ್ಕೆ. ಈಗ ಬಲಕ್ಕೆ ಬರ್ತಿದೆ."

"ಎಲ್ಲೇ?"

"ಇಗೋ, ನನ್ನ ಕೈ ತುದಿಗೆ ನೋಡಿ."

ಕೈ ತುದಿಗೆ ನೋಡುವಷ್ಟರಲ್ಲಿ ಅದು ಮುಂದೆ ಹೋಗಿರುತ್ತಿತ್ತು. ಹೀಗೇ ಮಾಡುತ್ತಾ ಮಾಡುತ್ತಾ ಇವರ ಮುಖ ಒಂದು ಕಡೆ ನಿಂತಿತು. "ಸಿಕ್ತು!" ಅಂದರು. "ಸಿಕ್ತು ಕಣೆ! ಎಷ್ಟು ಚೆನ್ನಾಗಿ ತಿರುಗ್ತಿದೆ ನೋಡು!"

ಇವರು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಕಾವೇರಿಯ ಕಡೆಯಿಂದ ಬಂದ ಒಂದು ಹದ್ದು, ರೆಕ್ಕೆ ಬಡಿಯದೆ, ನೀಲಿಯ ಮೇಲೆ ಕಪ್ಪಗೆ ಸುತ್ತುತ್ತಿತ್ತು.

ಪ್ಲಾಂಟರ್ ಒಮ್ಮೆ ತಿರುಗಿ ನೋಡಿ ಮತ್ತೆ ವಿಮಾನದ ಕಡೆಗೆ ಮುಖ ಮಾಡಿದರು. ಇವರು ಬಾಯಿ ತೆರೆದು ನಗುತ್ತಲೇ ಇದ್ದರು. ಅಷ್ಟರಲ್ಲಿ ನಮ್ಮ ವಿಮಾನ ಬೆನ್ನ ಹಿಂದಿನಿಂದ ಬಂದು ನೆತ್ತಿಯ ಮೇಲೆ ಸದ್ದು ಮಾಡಿಕೊಂಡು ದಾಟಿತು. ಸದ್ದು ಎಡಗಡೆ ಹೋಯಿತು. ಇವರು ಕಣ್ಣಲ್ಲಿ ಹಿಡಿದಿದ್ದ ಹಕ್ಕಿ ಇದ್ದಲ್ಲೇ ಸುತ್ತುತ್ತಿತ್ತು. ಯಾರೂ ಹೇಳಬೇಕಾಗಲಿಲ್ಲ. ನಗು ಮುಖದ ಮೇಲೆ ಇನ್ನೂ ಇತ್ತು, ಒಳಗಿನಿಂದ ಯಾರೋ ಎದ್ದು ಹೋದ ಹಾಗಾಯಿತು.

"ತಕೊಳ್ಳಿ ಸಾರ್" ಎಂದು ಪ್ಲಾಂಟರ್ ರಿಮೋಟ್ ಚಾಚಿದರು. "ಬೇಕಾದಷ್ಟು ಎತ್ತರ ಇದೆ. ನಾನು ಹೇಳ್ತೇನೆ, ನೀವು ಸುಮ್ಮನೆ ಹಿಡ್ಕೊಳ್ಳಿ. ಎಂತ ಆಗೋದಿಲ್ಲ."

ಇವರು ಎರಡು ಹೆಬ್ಬೆರಳನ್ನೂ ರಿಮೋಟಿನ ಸ್ಟಿಕ್ಕುಗಳ ಮೇಲಿಟ್ಟರು. ಒತ್ತಲಿಲ್ಲ. ಕೋಳಿಮರಿಯ ತಲೆ ಮುಟ್ಟಿದ ಹಾಗೆ ಮುಟ್ಟಿ, ವಾಪಸು ಕೊಟ್ಟರು.

"ಬೇಡ. ಅದಕ್ಕೇನಾದ್ರೂ ಆದೀತು. ಇಳಿಸಿ."

ಚೆನ್ನಾಗಿ ಇಳಿಯಿತು. ನನ್ನ ತೋಳು ಹಿಡಿದುಕೊಂಡು ಹತ್ತಿರ ಹೋಗಿ, ಮೊಣಕಾಲೂರಿ, ಚಕ್ರ, ರೆಕ್ಕೆಯ ಬುಡ, ಬಾಲದ ಕೀಲು ಒಂದೊಂದನ್ನೂ ಮುಟ್ಟಿ ನೋಡಿದರು. ಮೊದಲಿನ ಕೆಲಸದಲ್ಲಿ ಮಾಡುತ್ತಿದ್ದದ್ದೂ ಅದೇ ಇರಬೇಕು. "ಎಲ್ಲ ಸರಿಯಾಗಿದೆ" ಅಂದರು. ಫ್ಲಾಸ್ಕಿನಲ್ಲಿದ್ದ ಕಾಫಿಯನ್ನು ಅವತ್ತು ಯಾರೂ ಕುಡಿಯಲಿಲ್ಲ.

ಮಳೆ ಶುರುವಾಗುವ ಮೊದಲು ಇವರೇ ಪ್ಲಾಂಟರನ್ನು ಕರೆಸಿ, "ತಗೊಂಡೋಗಿ" ಎಂದರು. ಅವರು ಒಪ್ಪಲಿಲ್ಲ, ಇಲ್ಲೇ ಇರಲಿ ಎಂದು ಬೇಡಿಕೊಂಡರು. "ಹಾರಬೇಕಾಗಿದ್ದನ್ನ ಹಜಾರದಲ್ಲಿ ಇಟ್ಕೊಂಡು ನಾನೇನು ಮಾಡ್ಲಿ?" ಅಂದ ಮೇಲೆ ಮಾತು ಮುಗಿಯಿತು. ರೆಕ್ಕೆಯ ಬೋಲ್ಟುಗಳನ್ನು ಇವರೇ ಬಿಚ್ಚಿದರು. ಪಿಕಪ್ಪು ತಿರುವಿನಲ್ಲಿ ಮರೆಯಾಗುವವರೆಗೆ ನಾನು ಗೇಟಿನಲ್ಲಿದ್ದೆ. ಇವರು ಅಷ್ಟರಲ್ಲಿ ಒಳಗೆ ಹೋಗಿದ್ದರು.

ಈಗ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದಷ್ಟು ಗೊತ್ತಾಗುತ್ತದೆ. ಕೆಲಸ ಬಿಟ್ಟಿದ್ದಾರೆ. ಆ ಭಾನುವಾರದ ಬಗ್ಗೆ ನಾವು ಮಾತೇ ಆಡಿರಲಿಲ್ಲ. ಮೊನ್ನೆ ಒಂದು ಮಧ್ಯಾಹ್ನ, ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಇದ್ದಕ್ಕಿದ್ದಂತೆ ಕೇಳಿದರು. "ಅವತ್ತು ಅದು ಹೆಂಗೆ ಕಾಣ್ತಿತ್ತು?"

ಹೇಳಿದೆ. ಬಿಸಿಲು ರೆಕ್ಕೆಯ ಮೂಲಕ ಹಾದು ಒಳಗಿನ ಪಕ್ಕೆಲುಬುಗಳೆಲ್ಲ ಕಾಣುತ್ತಿದ್ದವು, ಒಂದೊಂದನ್ನೂ ಎಣಿಸಬಹುದಿತ್ತು ಎಂದೆ. ತಿರುಗುವಾಗ ಒಂದು ರೆಕ್ಕೆ ನೆಲದ ಕಡೆ, ಇನ್ನೊಂದು ಮೇಲಕ್ಕೆ, ಬೆನ್ನು ಪೂರ್ತಿ ನಮಗೆ ಕಾಣುವ ಹಾಗೆ ವಾಲಿತ್ತು ಎಂದೆ.

"ಅಷ್ಟು ವಾಲಿಸಬಾರದಿತ್ತು ಅವರು" ಅಂದರು. "ಮೊದಲನೇ ದಿನ ಅಷ್ಟು ವಾಲಿಸ್ತಾರಾ ಯಾರಾದ್ರೂ?"

ಆಮೇಲೆ ಮುಖವನ್ನು ಗೋಡೆಯ ಕಡೆ ಮಾಡಿಕೊಂಡರು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿ ನಾನು ಎದ್ದು ಒಳಗೆ ಹೋದೆ. ಹಾಲು ಇಟ್ಟಿರಲಿಲ್ಲ.