ಶೋಕೇಸಿನ ಸಗಣಿ ಹುಳು

ನಾನು ಎರಡನೆಯ ಹೆಂಡತಿಯಾಗಿ ಮಸ್ಕತ್ತಿಗೆ ಹೋದದ್ದು ಎಂಬತ್ತರ ದಶಕದ ಕೊನೆಗೆ. ಮೊದಲನೆಯವಳು ಕಾಯಿಲೆಯಿಂದ ತೀರಿಕೊಂಡಿದ್ದಳು. ಅವಳ ಸೀರೆ, ಫೋಟೊ ಎಲ್ಲವನ್ನೂ ಅತ್ತೆ ಊರಿಗೆ ತರಿಸಿಕೊಂಡಿದ್ದರಿಂದ ಅಲ್ ಖುವೈರ್‌ನ ಫ್ಲ್ಯಾಟಿನಲ್ಲಿ ಅವಳದ್ದೆಂದು ಉಳಿದದ್ದು ಒಂದೇ ವಸ್ತು: ಶೋಕೇಸಿನ ಗಾಜಿನ ಹಿಂದೆ ಹಸಿರು ಕಲ್ಲಿನ ಒಂದು ಪುಟ್ಟ ಹುಳು. ಮಗುಚಿ ನೋಡಿದರೆ ಹೊಟ್ಟೆಯ ಮೇಲೆ ಮೊಟ್ಟೆಯಾಕಾರದ ಗೆರೆ, ಅದರೊಳಗೆ ಒಂದು ಸೂರ್ಯ, ಬಾಚಣಿಗೆಯಂಥ ಏನೋ, ಕೆಳಗೆ ಇನ್ನೊಂದು ಹುಳು.

ಇದೇನೆಂದು ಬಂದ ವಾರವೇ ಗಂಡನನ್ನು ಕೇಳಿದೆ.

"ಅದು ಅವಳದ್ದು. ಇರ್ಲಿ," ಎಂದರು ಪೇಪರಿನಿಂದ ತಲೆಯೆತ್ತದೆ.

ಆ 'ಇರ್ಲಿ' ನನ್ನ ಹೊಟ್ಟೆಗೆ ಕಿಚ್ಚಿಟ್ಟಿತು. ಅವರು ಕಾರಿನ ಕೀ ಇಡುತ್ತಿದ್ದದ್ದು ಅದೇ ಶೋಕೇಸಿನ ಮೇಲೆ. ಬೆಳಿಗ್ಗೆ ಕೀ ತೆಗೆಯಲು ಅಲ್ಲಿ ತುಸು ಹೊತ್ತು ನಿಂತರೆ ಸಾಕು, ಹುಳುವನ್ನೇ ನೋಡುತ್ತಿದ್ದಾರೆಂದು ನನಗೆ ಖಾತ್ರಿ. ಆ ದಿನ ಸಾರಿಗೆ ಉಪ್ಪು ಜಾಸ್ತಿಯೇ ಬೀಳುತ್ತಿತ್ತು.

ಅದನ್ನು ಅವಳಿಗೆ ಕೊಟ್ಟವರು ಗಂಡನ ಆಫೀಸಿನ ಈಜಿಪ್ಟಿನ ಎಂಜಿನಿಯರು. ಅವರೂ ಅವರ ಹೆಂಡತಿಯೂ ಕೆಲವು ಶುಕ್ರವಾರ ಊಟಕ್ಕೆ ಬರುತ್ತಿದ್ದರು. ಒಮ್ಮೆ, ಗಂಡ ಮೊಸರು ತರಲು ಕೆಳಗಿನ ಅಂಗಡಿಗೆ ಹೋಗಿದ್ದಾಗ, ನಾನೇ ವಿಚಾರಿಸಿದೆ. ಅದು ಸಗಣಿ ಉರುಳಿಸುವ ಹುಳು ಎಂದು ಅವರು ಇಂಗ್ಲಿಷಿನಲ್ಲಿ ವಿವರಿಸಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇದು ಈಗಿನ ಕಾಲದ ನಕಲು, ಆದರೆ ಹೊಟ್ಟೆಯ ಮೇಲಿರುವುದು ನಿಜವಾಗಿ ಒಬ್ಬ ರಾಜನ ಹೆಸರು ಎಂದರು. ಅವನು ಸತ್ತು ನೂರಾರು ವರ್ಷ ಕಳೆದ ಮೇಲೂ, ಅವನ ಮುಖ ಕಾಣದ ಜನ ಆ ಹೆಸರನ್ನು ಮೈಮೇಲೆ ಧರಿಸುತ್ತಿದ್ದರಂತೆ, ರಕ್ಷೆಗೆಂದು.

ನನ್ನ ಸಂತೋಷ ಅಲ್ಲಿಗೆ ಖಲಾಸ್. ನನ್ನ ಕೊರಳಲ್ಲೂ ಅಂಥದ್ದೊಂದಿತ್ತು. ಸತ್ತವಳ ದೃಷ್ಟಿ ತಾಗದಿರಲೆಂದು ಅತ್ತೆ ಮದುವೆಯ ದಿನ ಅವಳ ಹೆಸರಿನಲ್ಲಿ ಒಂದು ಚಿನ್ನದ ಬಿಲ್ಲೆ ಪೂಜೆ ಮಾಡಿಸಿ ಕರಿಮಣಿಯ ಜೊತೆ ಹಾಕಿಸಿದ್ದರು. ನಾನೂ ಅವಳ ಮುಖ ನೋಡಿದವಳಲ್ಲ. ಶೋಕೇಸಿನಲ್ಲಿ ಅವಳು, ಕೊರಳಲ್ಲಿ ಅವಳು, ಗಂಡನ ಮನಸ್ಸಿನಲ್ಲಂತೂ ಅವಳೇ. ನನಗೆ ಜಾಗ ಎಲ್ಲಿ?

ಇದನ್ನು ಇತ್ಯರ್ಥ ಮಾಡಿಯೇ ಬಿಡಬೇಕೆಂದು ಹಠ ಹುಟ್ಟಿತು. ಮುಂದಿನ ಸಲ ಆ ದಂಪತಿ ಬರುವ ದಿನ ಹುಳುವಿನ ಉದ್ದಕ್ಕೂ ಇದ್ದ ತೂತಿನಲ್ಲಿ ತೆಳು ಸರವನ್ನು ಪೋಣಿಸಿ ಹಾಕಿಕೊಂಡೆ. ಗಂಡ ಸಿಡಿಮಿಡಿಗೊಳ್ಳಬಹುದು, ಕಣ್ಣಲ್ಲಿ ನೀರು ತಂದುಕೊಳ್ಳಬಹುದು, ಅತಿಥಿಗಳೆದುರೇ ತೆಗೆ ಎನ್ನಬಹುದು. ಏನಾದರೂ ಆಗಲಿ, ನನ್ನ ಸ್ಥಾನ ನನಗೆ ಗೊತ್ತಾಗಲಿ.

ಎಂಜಿನಿಯರರ ಹೆಂಡತಿ ಬಾಗಿಲಲ್ಲೇ ಅದನ್ನು ಗುರುತಿಸಿ ನನ್ನ ಕೈ ಹಿಡಿದುಕೊಂಡಳು. ಗಂಡನ ಕಣ್ಣು ಅದರ ಮೇಲೆ ಬಿದ್ದದ್ದು ಅನ್ನ ಬಡಿಸುವಾಗ.

"ಚಂದ ಉಂಟು," ಎಂದರು. "ಎಲ್ಲಿಂದ ತಗೊಂಡದ್ದು?"

ನಾನು ಅವರ ಮುಖವನ್ನೇ ನೋಡಿದೆ. ನಾಟಕವಿರಲಿಲ್ಲ. ಅದು ಶೋಕೇಸಿನ ಹುಳುವೆಂದು ಅವರಿಗೆ ನಿಜವಾಗಿಯೂ ಗುರುತಾಗಿರಲಿಲ್ಲ.

"ರೂವಿಯ ಪೇಟೆಯಿಂದ," ಎಂದೆ.

"ಹೌದಾ," ಎಂದು ಸಾರಿಗೆ ತಟ್ಟೆ ಮುಂದೆ ಮಾಡಿದರು. ನಾನು ಗೆದ್ದಿದ್ದೆ. ಆದರೂ ಅವರ ತಟ್ಟೆಗೆ ಸಾರು ಬಡಿಸದೆ ಸೌಟು ಕೆಳಗಿಟ್ಟೆ. ಸತ್ತ ಆ ಹೆಣ್ಣಿನ ಪರವಾಗಿ ನನಗೆ ಎಂದೂ ಬಾರದ ಸಿಟ್ಟು ಬಂದಿತ್ತು.