ಬೆನ್ನ ಹಿಂದೆ ಹಾರನ್ ಹೊಡೆಯದ ಶಕೀಲಾ

ಮಂಡ್ಯದಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಹೆಂಡತಿ ತೀರಿಕೊಂಡ ಮೇಲೆ ಕ್ವಾರ್ಟರ್ಸಿನಲ್ಲಿ ಒಬ್ಬನೇ. ನಮ್ಮ ಇಲಾಖೆಯವನು ಟೀ ಅಂಗಡಿಗೆ ಹೋದರೆ ಪಕ್ಕದವರು ಬೇಗ ಟೀ ಮುಗಿಸಿ ಏಳುತ್ತಾರೆ. ಲೈಸೆನ್ಸ್ ಇಲ್ಲದವರು ಇನ್ನೂ ಬೇಗ. ಬೆಳಿಗ್ಗೆ ನಾಲೆ ಏರಿಯ ಮೇಲೆ ನಡೆಯುವುದೊಂದೇ ನನಗಿದ್ದ ಸಮಾಧಾನ.

ಅದೇ ಏರಿಯ ಮೇಲೆ ಒಂದು ದಿನ ಎಲೆಕ್ಟ್ರಿಕ್ ಸ್ಕೂಟರ್ ತಗುಲಿ, ಕೆರಗೋಡು ಕಡೆಯ ನಿಂಗೇಗೌಡರೆಂಬ ಹಿರಿಯರು ಬಿದ್ದು ಕೈ ಮುರಿದುಕೊಂಡರು. ಓಡಿಸುತ್ತಿದ್ದವಳು ಶಕೀಲಾ, ಪೇಟೆಯ ಅಂಗಡಿಯೊಂದರಲ್ಲಿ ಬ್ಲೌಸ್ ಹೊಲಿಯುವವಳು. ಪೋಲಿಯೊದಿಂದ ಒಂದು ಕಾಲು ಸೋತಿತ್ತು. ಆ ಗಾಡಿ ಇಲ್ಲದಿದ್ದರೆ ಅವಳು ಕೆಲಸಕ್ಕೆ ಹೋಗುವಂತಿರಲಿಲ್ಲ.

ತಪಾಸಣೆ ನನ್ನ ಪಾಲಿಗೆ ಬಂತು. ಮೋಟಾರು 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ, ತೂಕವೂ ಮಿತಿಯಲ್ಲಿದ್ದರೆ ಕಾನೂನು ಅದನ್ನು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ನಂಬರ್ ಪ್ಲೇಟೂ ಬೇಡ, ಲೈಸೆನ್ಸೂ ಬೇಡ. ಕೆಲವರು ವೇಗ ತಡೆಯುವ 'ಲಾಕ್' ತೆಗೆಸಿ ಹಾರಾಡುತ್ತಾರೆ. ನಾನೇ ಓಡಿಸಿ ನೋಡಿದೆ. ಲಾಕ್ ಹಾಗೇ ಇತ್ತು, ಬ್ರೇಕ್ ಸರಿಯಿತ್ತು, ಹಾರನ್ ಜೋರಾಗಿಯೇ ಕೂಗಿತು. ಮತ್ತೆ ಯಾಕೆ ಹೊಡೆಯಲಿಲ್ಲ ಎಂದು ಕೇಳಿದೆ.

"ದೊಡ್ಡೋರು ಮುಂದೆ ಓಯ್ತಿದ್ರು ಸಾರ್. ಅವರ ಬೆನ್ನಿಂದೆ ಆರನ್ ಒಡಿಯೋದು ಎಂಗೆ?" ಎಂದಳು.

ಸದ್ದಿಲ್ಲದ ಗಾಡಿಯಲ್ಲಿ ಮೆಲ್ಲಗೆ ಹಿಂದೆಯೇ ಬಂದಿದ್ದಾಳೆ. ಪಕ್ಕದಿಂದ ದಾಟುವಾಗ ಗೌಡರು ಎಲೆಅಡಿಕೆ ಉಗಿಯಲು ಅತ್ತಲೇ ತಿರುಗಿದ್ದಾರೆ.

ರಸ್ತೆ ಸುರಕ್ಷತಾ ಸಭೆಗೆ ಗೌಡರು, ಶಕೀಲಾ ಇಬ್ಬರನ್ನೂ ಕರೆಸಿದ್ದರು. ಏರಿಯ ಮೇಲೆ ಇ-ಬೈಕ್ ಪೂರ್ತಿ ನಿಷೇಧಿಸಿ ಎಂದು ಹೆಚ್ಚಿನ ಅಧಿಕಾರಿಗಳು ಹೇಳಿದರು. ಹಾಗಾದರೆ ಶಕೀಲಾ ಕಬ್ಬಿನ ಟ್ರ್ಯಾಕ್ಟರ್, ಲಾರಿಗಳ ನಡುವೆ ದೊಡ್ಡ ರಸ್ತೆಯಲ್ಲಿ ಹೋಗಬೇಕಿತ್ತು. ನೆನೆದೇ ನನಗೆ ಭಯವಾಯಿತು. ಲಾಕ್ ತೆಗೆದ ಗಾಡಿಗಳನ್ನು ಮಾತ್ರ ತಡೆಯೋಣ, ಉಳಿದವು ಏರಿಯ ಮೇಲೆ ನಿಧಾನವಾಗಿ, ಸೈಕಲ್ ಬೆಲ್ ಕಟ್ಟಿಕೊಂಡು ಬರಲಿ ಎಂದೆ. ಹಾರನ್ ಗದರಿಸಿದ ಹಾಗಿರುತ್ತದೆ, ಬೆಲ್ ಕರೆದ ಹಾಗೆ ಎಂದೂ ಹೇಳಿದೆ. ಕೊನೆಗೆ, ಕೈಗೆ ಕಟ್ಟು ಹಾಕಿಸಿಕೊಂಡು ಕೂತಿದ್ದ ನಿಂಗೇಗೌಡರು ಶಕೀಲಾಳ ಕಡೆ ತಿರುಗಿದರು.

"ಮರ್ವಾದೆ ಕೊಟ್ಟೇ ನನ್ನ ಕೈ ಮುರ್ದ್ಯಲ್ಲ ಕಣಮ್ಮ. ನಾಳಿಂದ ಬೆಲ್ಲು ಒಡಿ. ಏರಿ ಮ್ಯಾಲೇ ಬಾ."

ಬಿದ್ದವರೇ ಹಾಗೆಂದ ಮೇಲೆ ನಿಷೇಧದ ಮಾತು ಅಲ್ಲಿಗೇ ನಿಂತಿತು.

ನಿಯಮ ಮಾಡುವವನು ಆ ದಾರಿಯಲ್ಲಿ ಒಮ್ಮೆ ನಡೆದಿರಬೇಕು ಎಂಬುದನ್ನು ನಾನು ಕಲಿತದ್ದು ಆ ಪ್ರಕರಣದಿಂದ. ನಿವೃತ್ತನಾದ ಮೇಲೂ ಏರಿಯ ಮೇಲೆ ಒಬ್ಬನೇ ನಡೆಯುತ್ತೇನೆ. ಹಿಂದಿನಿಂದ ಬೆಲ್ ಕೇಳುತ್ತದೆ, "ಪಕ್ಕ ಸಾರ್" ಎಂದು ಶಕೀಲಾ ದಾಟಿ ಹೋಗುತ್ತಾಳೆ. ಎಷ್ಟೋ ದಿನ, ಅವಳು ಹೋದ ಮೇಲೆ ರಾತ್ರಿಯವರೆಗೂ ನನ್ನನ್ನು ಮಾತಾಡಿಸುವವರೇ ಇರುವುದಿಲ್ಲ. ಅದಕ್ಕೇ ಮೊದಲ ಬೆಲ್ಲಿಗೆ ಸರಿಯುವುದಿಲ್ಲ. ಇನ್ನೊಂದು ಸಲ ಹೊಡೆಯಲಿ ಎಂದು ಕಾಯುತ್ತೇನೆ.